ಆಸ್ಪತ್ರೆಯ ಬಾಗಿಲಿನಿಂದ ಮನೆಯ ಜಗುಲಿಗೆ
(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ಬಾಳಿ ಬದುಕುವುದು ಸಣ್ಣ ಮಾತಲ್ಲ. ಮಳೆ ಕೈಕೊಟ್ಟ ವರ್ಷಗಳೂ ಇದ್ದವು, ಬೆಲೆ ಬಿದ್ದ ವರ್ಷಗಳೂ ಇದ್ದವು. ಆದರೂ ಬಾಗಿಲು ಹಾಕದೆ ನಡೆಸಿಕೊಂಡು ಬಂದಿದ್ದೀರಿ. ಅದಕ್ಕೆ ಮೊದಲು ನಮ್ಮ ಅಭಿನಂದನೆಗಳು. ಇಂಥ ಸಂತೋಷದ ದಿನ ಕಾಯಿಲೆ ಕಸಾಲೆಯ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಆರೋಗ್ಯ ಇಲಾಖೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ದುಡಿದ ನಮ್ಮಂಥವರನ್ನು ಕರೆದು ಮಾತಾಡಿ ಅಂದ ಮೇಲೆ ನಾವು ಗೊಬ್ಬರದ ಬಗ್ಗೆ ಮಾತಾಡೋಕಾಗುತ್ತಾ? ನಮಗೆ ಗೊತ್ತಿರುವ ನಾಲ್ಕು ಮಾತನ್ನೇ ಆಡುತ್ತೇವೆ.

ಮೊದಲು ಆಗಿರುವ ಒಳ್ಳೆಯದನ್ನು ಹೇಳೋಣ. ಈ ಸಂಘ ಹುಟ್ಟಿದ ಕಾಲಕ್ಕೆ ಊರಿನಲ್ಲಿ ಆಶಾ ಕಾರ್ಯಕರ್ತೆ ಇರಲಿಲ್ಲ. ಆ ಯೋಜನೆ ಬಂದದ್ದೇ 2005ರ ನಂತರ. 108 ಗಾಡಿ ಇರಲಿಲ್ಲ; ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್ 1ರಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಒಂದಿದೆ. ಅದರ ಮೊದಲ ಸುತ್ತು ನಡೆದದ್ದು 1992-93ರಲ್ಲಿ. ಆಗ ಕರ್ನಾಟಕದಲ್ಲಿ ನೂರು ಹೆರಿಗೆ ಆದರೆ ಅದರಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು ನಲವತ್ತಕ್ಕಿಂತ ಕಡಿಮೆ. 2019-21ರ ಸುತ್ತಿನಲ್ಲಿ ಅದು 97ಕ್ಕೆ ಬಂತು. ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸುಮಾರು 65 ಕೂಸು ಕಳೆದುಕೊಳ್ಳುತ್ತಿದ್ದ ರಾಜ್ಯ ಅದೇ ಅವಧಿಯಲ್ಲಿ 25ರ ಆಸುಪಾಸಿಗೆ ಇಳಿಯಿತು. ಇದು ಯಾರೋ ಒಬ್ಬ ದೊಡ್ಡ ಡಾಕ್ಟರಿಂದ ಆದದ್ದಲ್ಲ. ನರ್ಸಮ್ಮ, ಅಂಗನವಾಡಿ ಟೀಚರು, ಆಶಾ ತಾಯಂದಿರು ಮನೆ ಮನೆ ಬಾಗಿಲು ತಟ್ಟಿ ಮಾಡಿದ ಕೆಲಸ.

ಹಾಗಾದರೆ ಈಗ ಏನು ತೊಂದರೆ? ಕಾಯಿಲೆಯ ಜಾತಿ ಬದಲಾಗಿದೆ. ಅದೇ ತೊಂದರೆ.

ಹಿಂದೆ ಕಾಯಿಲೆ ಅಂದರೆ ಬಂದು ಹೋಗುವ ನೆಂಟ. ಜ್ವರ, ಭೇದಿ, ಮಲೇರಿಯಾ. ಒಂದು ವಾರ ಔಷಧಿ ಕುಡಿದರೆ ಒಂದೋ ವಾಸಿ, ಇಲ್ಲವೋ ಕೈಮೀರಿತು. ನಮ್ಮ ಆಸ್ಪತ್ರೆಗಳನ್ನು ಕಟ್ಟಿರುವುದೂ ಆ ಲೆಕ್ಕಕ್ಕೇ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ರೋಗಿ ಬರಬೇಕು, ಚೀಟಿ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು, ಮಾತ್ರೆ ತಗೊಂಡು ಹೋಗಬೇಕು. ಆದರೆ ಇವತ್ತು ಬಂದಿರುವ ಕಾಯಿಲೆ ನೆಂಟನಲ್ಲ, ಮನೆ ಅಳಿಯ. ಬಂದರೆ ಹೋಗೋದೇ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿ ನೋವು, ಪಾರ್ಶ್ವವಾಯು, ಮೂತ್ರಪಿಂಡದ ತೊಂದರೆ, ಮರೆವು. ಇವುಗಳಿಗೆ ಒಂದು ದಿನದ ಡಾಕ್ಟರು ಸಾಲದು, ವರ್ಷಗಟ್ಟಲೆ ಜೊತೆಗೆ ನಿಲ್ಲುವವರು ಬೇಕು.

ಬಿಪಿಯನ್ನೇ ತಗೊಳ್ಳಿ. ಅದು ನೋವು ಕೊಡಲ್ಲ, ಜ್ವರ ಬರಿಸಲ್ಲ. ರಾಗಿ ಕುಯ್ಯುವಾಗ, ಹೊಲ ಉಳುವಾಗ ಏನೂ ಗೊತ್ತಾಗಲ್ಲ. ಒಂದು ತಿಂಗಳು ಮಾತ್ರೆ ನುಂಗಿ, "ಈಗ ಚೆನ್ನಾಗಿದೀನಲ್ಲ, ಇನ್ಯಾಕೆ" ಅಂತ ಬಿಟ್ಟುಬಿಡುತ್ತೇವೆ. ಆಮೇಲೆ ಒಂದು ಬೆಳಗ್ಗೆ ಏಳುವಷ್ಟರಲ್ಲಿ ಬಾಯಿ ಸೊಟ್ಟ, ಒಂದು ಕೈ ಒಂದು ಕಾಲು ಸ್ವಾಧೀನವಿಲ್ಲ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅಷ್ಟರಲ್ಲಿ ನಾವು ದೃಷ್ಟಿ ತೆಗೆಯುತ್ತಾ, ಎಣ್ಣೆ ತಿಕ್ಕುತ್ತಾ ಹೊತ್ತು ಕಳೆದಿರುತ್ತೇವೆ. ಆಮೇಲೆ ದೊಡ್ಡಾಸ್ಪತ್ರೆ, ಲಕ್ಷದ ಮಾತು. ಬೆಳೆಸಾಲ ಅಂತ ತಂದ ದುಡ್ಡು ಆಸ್ಪತ್ರೆ ಕೌಂಟರಿಗೆ ಹೋಗುತ್ತೆ. ಮರುಪಾವತಿಯ ಕಾಲಕ್ಕೆ ಕಾರ್ಯದರ್ಶಿಗಳ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತೆ. ಆ ಗೆರೆಯ ಹಿಂದೆ ಬಹಳ ಸಲ ಇರುವುದು ಸೋಮಾರಿತನವಲ್ಲ, ಕಾಯಿಲೆ. ಸುಸ್ತಿದಾರರ ಪಟ್ಟಿ ಓದುವಾಗ ನಿರ್ದೇಶಕರು ಇದನ್ನು ನೆನಪಿಡಬೇಕು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಆರೋಗ್ಯಕ್ಕೆ ಆದ ಒಟ್ಟು ಖರ್ಚಿನಲ್ಲಿ ನೂರಕ್ಕೆ 64 ರೂಪಾಯಿ ಜನ ತಮ್ಮ ಜೇಬಿನಿಂದಲೇ ಕೊಟ್ಟಿದ್ದರು. 2021-22ರ ಹೊತ್ತಿಗೆ ಅದು ಸುಮಾರು 39ಕ್ಕೆ ಇಳಿಯಿತು. ಇಳಿದದ್ದು ಸಂತೋಷ. ಆದರೆ ನೂರಕ್ಕೆ 39 ಅನ್ನೋದು ಬಡವನಿಗೆ ಈಗಲೂ ಭಾರವೇ.

ಈ ಭಾರ ಹೊರುವುದಕ್ಕೆ ಸಹಕಾರಿಗಳಾದ ನಾವು ಕೈಕಟ್ಟಿ ಕೂತಿರಲಿಲ್ಲ ಅನ್ನೋದು ಹೆಮ್ಮೆಯ ಸಂಗತಿ. ಯಶಸ್ವಿನಿ ನಿಮಗೆಲ್ಲ ಗೊತ್ತು. 2003ರ ಜೂನ್ ತಿಂಗಳಿಂದ ಜಾರಿಗೆ ಬಂತು. ಆಗ ಒಬ್ಬ ಸದಸ್ಯನಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಒಂದು ಲೋಟ ಕಾಫಿಯ ದುಡ್ಡು! ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹೃದಯದ ಆಪರೇಷನ್ ಅಂದರೆ ಹೊಲ ಮಾರಬೇಕು ಅನ್ನುವ ಕಾಲದಲ್ಲಿ ಸಹಕಾರ ಸಂಘದ ರಸೀತಿ ತೋರಿಸಿ ಆಪರೇಷನ್ ಮಾಡಿಸಿಕೊಂಡು ಬಂದರು. 'ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ' ಅನ್ನುವ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ? 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿ ನಿಲ್ಲಿಸಲಾಯಿತು. ಸಹಕಾರಿಗಳು ಬೇಕು ಅಂತ ಕೇಳುತ್ತಲೇ ಇದ್ದರು. 2023ರ ಜನವರಿಯಿಂದ ಮತ್ತೆ ಶುರುವಾಯಿತು. ಹಾಗೆ ಮತ್ತೆ ಶುರುವಾದಾಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, ಚಿಕಿತ್ಸೆಗೆ 5 ಲಕ್ಷ ರೂಪಾಯಿಯ ಮಿತಿ ಇಟ್ಟರು.

ಇದು ಬಹಳ ಒಳ್ಳೆಯದು. ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಯೋಜನೆಗಳೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಸಹಾಯಕ್ಕೆ ಬರುತ್ತವೆ. ಹೃದಯ ಕೆಟ್ಟ ಮೇಲೆ ಆಪರೇಷನ್ನಿಗೆ ದುಡ್ಡುಂಟು. ಹೃದಯ ಕೆಡದ ಹಾಗೆ ದಿನಾ ಒಂದು ಮಾತ್ರೆ ನುಂಗಿಸುವವರು ಇಲ್ಲ. ಕಾಲು ಕತ್ತರಿಸೋಕೆ ಪ್ಯಾಕೇಜ್ ಉಂಟು. ಸಕ್ಕರೆ ಕಾಯಿಲೆಯವರ ಪಾದದ ಗಾಯ ಪ್ರತಿವಾರ ನೋಡಿ ಕಟ್ಟು ಕಟ್ಟುವವರಿಗೆ ಏನೂ ಇಲ್ಲ. ಕೆರೆ ಏರಿ ಒಡೆದ ಮೇಲೆ ಮಣ್ಣು ಹಾಕೋದಕ್ಕಿಂತ, ಬಿರುಕು ಬಿಟ್ಟಾಗಲೇ ಒಂದು ಮಂಕರಿ ಮಣ್ಣು ಹಾಕೋದು ಲೇಸಲ್ಲವೆ?

ಇನ್ನು ವಯಸ್ಸಾದವರ ಪಾಡು. ಊರಿನ ಯಾವ ಬೀದಿಗೆ ಹೋದರೂ ಕಾಣುವ ದೃಶ್ಯ ಇದು: ದೊಡ್ಡ ಮನೆ, ಜಗುಲಿ ಮೇಲೆ ಒಬ್ಬ ಅಜ್ಜ, ಒಳಗೆ ಒಬ್ಬ ಅಜ್ಜಿ. ಮಕ್ಕಳು ಬೆಂಗಳೂರಿನಲ್ಲಿ. ದುಡ್ಡು ಕಳಿಸುತ್ತಾರೆ, ಫೋನ್ ಮಾಡುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಹೊಟ್ಟೆಪಾಡು. ಆದರೆ ಬಚ್ಚಲಲ್ಲಿ ಜಾರಿ ಬಿದ್ದಾಗ ಎತ್ತುವವರು ಯಾರು? ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಬಂದರೆ ಅದನ್ನು ಬಿಡಿಸಿಕೊಂಡು ಬರೋಕೆ ಹೋಗುವವರು ಯಾರು? ಇದ್ದ ಸೊಸೆಯೋ ಮಗಳೋ ಒಬ್ಬಳು ಹಾಸಿಗೆ ಹಿಡಿದವರನ್ನು ಎರಡು ವರ್ಷ, ಮೂರು ವರ್ಷ ನೋಡಿಕೊಳ್ಳುತ್ತಾಳೆ. ಮಲಮೂತ್ರ ಎತ್ತುತ್ತಾಳೆ, ಕೂಲಿ ಬಿಡುತ್ತಾಳೆ, ನೆಂಟರ ಮನೆಯ ಮದುವೆಗೂ ಹೋಗಲ್ಲ. ಅವಳ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಅವಳಿಗೆ ಬೆನ್ನು ನೋವು ಬಂದರೆ ಕೇಳುವವರೂ ಇಲ್ಲ. ಆರೋಗ್ಯ ಸೇವೆ ಅಂತ ನಾವು ಭಾಷಣ ಮಾಡುವಾಗ ಅರ್ಧ ಸೇವೆ ನಡೆಯುತ್ತಿರುವುದು ಈ ಹೆಣ್ಣುಮಕ್ಕಳ ಕೈಯಲ್ಲಿ. ಇದನ್ನು ಮರೆತು ಮಾಡುವ ಯಾವ ಯೋಜನೆಯೂ ಪೂರ್ತಿ ಆಗಲ್ಲ.

ಹಾಗಾದರೆ ದಾರಿ ಏನು? ಬೇರೆ ಬೇರೆ ಕಡೆ ನಮ್ಮಂಥ ಹಳ್ಳಿಯ ಜನರೇ ಮಾಡಿ ತೋರಿಸಿದ್ದಾರೆ. ನಾಲ್ಕು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ಮಹಾರಾಷ್ಟ್ರದ ಗಡಚಿರೋಲಿ. ಅಭಯ್ ಬಂಗ್, ರಾಣಿ ಬಂಗ್ ಅನ್ನುವ ಡಾಕ್ಟರ್ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಯಲ್ಲೇ ಹಸುಗೂಸಿನ ಆರೈಕೆ ಮಾಡಿಸಿದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. 1999ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಪ್ರಪಂಚವೇ ತಿರುಗಿ ನೋಡಿತು. ಇವತ್ತು ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಹೋಗಿ ಕೂಸಿನ ತೂಕ ನೋಡುತ್ತಾಳಲ್ಲ, ಅದರ ಬೇರು ಅಲ್ಲಿದೆ.

ಎರಡನೆಯದು ನಮ್ಮದೇ ಬಳ್ಳಾರಿ. ಮಾನಸಿಕ ಕಾಯಿಲೆ ಅಂದರೆ ಬೆಂಗಳೂರಿನ ನಿಮ್ಹಾನ್ಸಿಗೇ ಹೋಗಬೇಕು ಅನ್ನುವ ಕಾಲ. 1980ರ ದಶಕದಲ್ಲಿ ನಿಮ್ಹಾನ್ಸಿನವರೇ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಆ ಮಾದರಿಯ ಮೇಲೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇವತ್ತು 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಸಾಲದ ಚಿಂತೆಯಲ್ಲಿ ಮಾತು ಬಿಟ್ಟು ಕೂತ ರೈತನ ಮನೆಯವರು ಈ ನಂಬರನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ.

ಮೂರನೆಯದು ಕೇರಳ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ವಾಸಿಯಾಗದ ಕಾಯಿಲೆಯವರ ನೋವು ಶಮನಕ್ಕೆ ಒಂದು ಸಂಸ್ಥೆ ಶುರುವಾಯಿತು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಮನೆಯಲ್ಲಿ ಮಲಗಿದವರ ಗತಿಯೇನು ಅಂತ ಯೋಚಿಸಿ, ಊರಿನ ಸಾಮಾನ್ಯ ಜನರನ್ನೇ ಸ್ವಯಂಸೇವಕರಾಗಿ ತಯಾರು ಮಾಡಿದರು. ಮೇಷ್ಟ್ರು, ಅಂಗಡಿಯವರು, ಕೂಲಿಯವರು, ಕಾಲೇಜು ಹುಡುಗರು. ವಾರಕ್ಕೆ ಒಂದೆರಡು ಗಂಟೆ. ನರ್ಸು ಹುಣ್ಣಿಗೆ ಕಟ್ಟು ಕಟ್ಟಿದರೆ ಇವರು ಜೊತೆಗೆ ಕೂತು ಮಾತಾಡುವುದು, ರೇಷನ್ ಕೊಡಿಸುವುದು, ಮನೆಯವರಿಗೆ ಸ್ವಲ್ಪ ಬಿಡುವು ಕೊಡುವುದು. ಜನರೇ ಚಿಲ್ಲರೆ ಕಾಸು ಕೂಡಿಸಿ ನಡೆಸಿದರು. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯನ್ನಾಗಿ ಮಾಡಿಕೊಂಡಿತು.

ನಾಲ್ಕನೆಯದು ಸಹಕಾರಿಗಳಿಗೆ ಬಹಳ ಹತ್ತಿರದ್ದು. ಗುಜರಾತಿನ ಕೈರಾ ಜಿಲ್ಲೆಯ ಹಾಲು ಒಕ್ಕೂಟದ, ಅಂದರೆ ಅಮುಲ್‌ನ, ಸ್ಥಾಪಕ ಅಧ್ಯಕ್ಷರಾಗಿದ್ದ ತ್ರಿಭುವನದಾಸ್ ಪಟೇಲರು ನಿವೃತ್ತರಾದಾಗ ಹಾಲು ಹಾಕುವ ಸದಸ್ಯರು ಒಂದೊಂದು ರೂಪಾಯಿ ಕೂಡಿಸಿ ನಿಧಿ ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯಲಿಲ್ಲ. ಆ ಹಣ 1975ರಲ್ಲಿ ಹುಟ್ಟಿದ ಆರೋಗ್ಯ ಪ್ರತಿಷ್ಠಾನಕ್ಕೆ ಮೂಲಧನವಾಯಿತು. ಹಳ್ಳಿಯ ಹಾಲಿನ ಸಂಘದ ಜೊತೆಗೇ ಒಬ್ಬೊಬ್ಬ ಆರೋಗ್ಯ ಕಾರ್ಯಕರ್ತೆ ಕೆಲಸ ಮಾಡುವ ವ್ಯವಸ್ಥೆ ಬೆಳೆಯಿತು. ಎಮ್ಮೆಯ ಆರೋಗ್ಯಕ್ಕೆ ಸಂಘದಲ್ಲಿ ಡಾಕ್ಟರಿದ್ದಾರೆ, ಎಮ್ಮೆ ಕಾಯುವ ತಾಯಿಯ ಆರೋಗ್ಯಕ್ಕೆ ಯಾರು? ಆ ಪ್ರತಿಷ್ಠಾನದ ಕೆಲಸ ಉತ್ತರ ಕೊಟ್ಟದ್ದು ಇದೇ ಪ್ರಶ್ನೆಗೆ. ನಾವೂ ನಮ್ಮ ಊರಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನಮ್ಮ ಸರ್ಕಾರಗಳೂ ಈ ದಿಕ್ಕಿಗೆ ತಿರುಗುತ್ತಿವೆ. ತಮಿಳುನಾಡು 2021ರಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆ ಬಾಗಿಲಿಗೇ ಕೊಡುವ ಯೋಜನೆ ತಂದಿತು. ನಮ್ಮ ರಾಜ್ಯ 2024ರಲ್ಲಿ ಕೋಲಾರ ಜಿಲ್ಲೆಯಿಂದ 'ಗೃಹ ಆರೋಗ್ಯ' ಶುರುಮಾಡಿತು. ಮನೆಗೇ ಬಂದು ತಪಾಸಣೆ ಮಾಡುವುದು ಅದರ ಉದ್ದೇಶ. ಆದರೆ ಒಂದು ಮಾತು. ಸರ್ಕಾರ ಬಾಗಿಲವರೆಗೆ ಬರಬಹುದು. ಬಾಗಿಲು ತೆಗೆದು ಒಳಗೆ ಕೂರಿಸಿ, ನಾಳೆಯೂ ನಾಡಿದ್ದೂ ನೆನಪು ಮಾಡುವ ಕೆಲಸ ಊರಿನದು.

ಇಲ್ಲಿ ನಮ್ಮ ಸಂಘದ ಪಾತ್ರ ಬರುತ್ತೆ. ಕೆಲವರು ಕೇಳಬಹುದು: "ಸ್ವಾಮಿ, ಸಂಘ ಇರೋದು ಸಾಲ ಕೊಡೋಕೆ, ಗೊಬ್ಬರ ಮಾರೋಕೆ. ಬಿಪಿ ನೋಡೋಕಲ್ಲ. ಇದ್ದ ಕೆಲಸವೇ ಬೇಕಾದಷ್ಟಿದೆ." ನ್ಯಾಯವಾದ ಪ್ರಶ್ನೆಯೇ. ಸಂಘದ ಹಣ ಸದಸ್ಯರ ಬೆವರಿನ ಹಣ. ಅದನ್ನು ಕಂಡದ್ದಕ್ಕೆಲ್ಲ ಚೆಲ್ಲಬಾರದು. ಆದರೆ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರಲ್ಲ, ಯಾಕೆ ಕಟ್ಟಿದರು? ಸಾಹುಕಾರರ ಬಡ್ಡಿಯಿಂದ ರೈತ ಮನೆ ಮಠ ಕಳೆದುಕೊಳ್ಳುತ್ತಿದ್ದ ಕಾಲ ಅದು. ಅವನನ್ನು ಸಾಲದ ಹಗ್ಗದಿಂದ ಬಿಡಿಸೋಕೆ. ಇವತ್ತು ಆ ಹಗ್ಗವನ್ನು ಕಾಯಿಲೆ ಬಿಗಿಯುತ್ತಿದ್ದರೆ, ಅದನ್ನು ಸಡಿಲಿಸುವುದೂ ಸಂಘದ ಕೆಲಸವೇ. ಸದಸ್ಯ ಗಟ್ಟಿಯಾಗಿದ್ದರೆ ತಾನೆ ಸಾಲ ತೀರುವುದು?

ಹೀಗಾಗಿ ಆಡಳಿತ ಮಂಡಳಿಯ ಮುಂದೆ ಐದು ಸಲಹೆ ಇಡುತ್ತೇವೆ. ದೊಡ್ಡ ದುಡ್ಡು ಬೇಡುವ ಸಲಹೆಗಳಲ್ಲ.

ಒಂದು: ತಿಂಗಳಿಗೊಂದು ಗೊತ್ತಾದ ದಿನ ಸಂಘದ ಜಗುಲಿಯಲ್ಲಿ ಬಿಪಿ, ಸಕ್ಕರೆ ತಪಾಸಣೆ. ನೋಡುವವರು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ನರ್ಸಮ್ಮ. ಸಂಘ ಕೊಡುವುದು ಜಾಗ, ಕುರ್ಚಿ, ನೀರು ಮತ್ತು ಒಂದು ದಂಡೋರ. ಗೊಬ್ಬರಕ್ಕೆ ಬಂದವರು ಕೈ ಚಾಚಿ ಬಿಪಿ ನೋಡಿಸಿಕೊಂಡು ಹೋಗಲಿ. ಇನ್ನೊಂದು ಮಾತು. ಸಾಲದ ಕಂತು ತಪ್ಪಿದರೆ ಸಂಘದಿಂದ ನೋಟಿಸು ಹೋಗುತ್ತೆ. ಮಾತ್ರೆಯ ಕಂತು ತಪ್ಪಿದರೆ ಯಾರ ನೋಟಿಸೂ ಹೋಗಲ್ಲ. ತಪಾಸಣೆಗೆ ಬಾರದವರನ್ನು ಆಶಾ ತಾಯಿ ಹುಡುಕಿ ಹೋಗಿ ಕೇಳುವ ಏರ್ಪಾಡು ಆಗಲಿ. ಆದರೆ ಆ ಪುಸ್ತಕ ನರ್ಸಮ್ಮನ ಹತ್ತಿರವೇ ಇರಬೇಕು, ಸಂಘದ ಮೇಜಿನ ಮೇಲಲ್ಲ. ಯಾರ ಕಾಯಿಲೆ ಏನು ಅನ್ನೋದು ಸಾಲ ಮಂಜೂರಾತಿಯ ಮಾತಾಗಬಾರದು. ಇದು ಕಡ್ಡಾಯ.

ಎರಡು: ಆರೈಕೆ ಸಾಮಾನುಗಳ ಕೊಠಡಿ. ಔಷಧಿ ಹೊಡೆಯುವ ಪಂಪು ಬಾಡಿಗೆಗೆ ಕೊಡುವ ಸಂಘ ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ, ಹಾಸಿಗೆ ಹುಣ್ಣಾಗದ ಗಾಳಿಹಾಸಿಗೆ ಯಾಕೆ ಕೊಡಬಾರದು? ಒಂದು ಮನೆಗೆ ಆರು ತಿಂಗಳು ಬೇಕಾಗುವ ಸಾಮಾನು ಅದು. ಆಮೇಲೆ ಅಟ್ಟದ ಮೇಲೆ ಧೂಳು ತಿನ್ನುತ್ತೆ. ಅಂಥವನ್ನು ದಾನ ಕೊಡಿ ಅಂತ ಊರನ್ನು ಕೇಳಿದರೆ ಅರ್ಧ ಕೊಠಡಿ ತುಂಬುತ್ತೆ.

ಮೂರು: ಒಂಟಿ ವೃದ್ಧರ ಪಟ್ಟಿ. ಬೀದಿಗೆ ಇಬ್ಬರಂತೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೋ ಯುವಕ ಸಂಘದ ಹುಡುಗರೋ ವಾರಕ್ಕೊಮ್ಮೆ ಹೋಗಿ ಬರಲಿ. ಊಟ ಆಯ್ತಾ, ಮಾತ್ರೆ ಇದೆಯಾ, ಪಿಂಚಣಿ ಬಂತಾ ಅಂತ ಕೇಳಲಿ. ಪುಕ್ಕಟೆ ಕೆಲಸ ಅಂತ ಹೆಣ್ಣುಮಕ್ಕಳ ಮೇಲೇ ಹೇರಬೇಡಿ. ಬೈಲಾ ಒಪ್ಪಿದ ಮಟ್ಟಿಗೆ ಲಾಭದಲ್ಲಿ ಒಂದು ಪಾಲು ತೆಗೆದು ಗೌರವಧನ ಕೊಡಿ. ಹಿರಿಯರಿಗೆ ತೊಂದರೆಯಾದರೆ 14567 ಸಹಾಯವಾಣಿಯೂ ಇದೆ. ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾನೂನು 2007ರಿಂದಲೇ ಇದೆ. ಆದರೆ ಆ ಮಟ್ಟಕ್ಕೆ ಹೋಗದ ಹಾಗೆ ನೋಡಿಕೊಳ್ಳುವುದು ಊರಿನ ಮರ್ಯಾದೆ.

ನಾಲ್ಕು: ಕಾಗದ ಪತ್ರದ ಸಹಾಯ. ಯಶಸ್ವಿನಿ ನವೀಕರಣ, ಆಯುಷ್ಮಾನ್ ಕಾರ್ಡು, ಪಿಂಚಣಿ ಅರ್ಜಿ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಿದ್ದಾರೆ. ಎಷ್ಟು ಜನಕ್ಕೆ ಗೊತ್ತು? ಸಂಘದ ಕಂಪ್ಯೂಟರ್ ಮುಂದೆ ವಾರಕ್ಕೆ ಅರ್ಧ ದಿನ ಇದಕ್ಕೆ ಮೀಸಲಿಡಿ.

ಐದು: ಕಡಿಮೆ ಬೆಲೆಯ ಔಷಧಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೂ ಜನೌಷಧಿ ಕೇಂದ್ರ ತೆರೆಯಬಹುದು ಅಂತ 2023ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಇದಕ್ಕೆ ಫಾರ್ಮಸಿಸ್ಟ್ ಬೇಕು, ಲೈಸೆನ್ಸ್ ಬೇಕು, ವ್ಯಾಪಾರ ಗಿಟ್ಟಬೇಕು. ಒಂದೇ ಸಂಘಕ್ಕೆ ಆಗದಿದ್ದರೆ ಅಕ್ಕಪಕ್ಕದ ಸಂಘಗಳ ಜೊತೆ ಕೂಡಿ ಯೋಚಿಸಿ. ಲೆಕ್ಕ ಹಾಕಿ, ಗಿಟ್ಟಿದರೆ ಮಾತ್ರ ಮಾಡಿ.

ಎಚ್ಚರಿಕೆಯ ಮಾತೂ ಹೇಳಬೇಕು. ಸಂಘ ಡಾಕ್ಟರಾಗಬಾರದು. ಯಾರೋ ಹೇಳಿದರು ಅಂತ ಮಾತ್ರೆ ಹಂಚಬಾರದು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ನಾಟಿ ಮದ್ದಿಗೆ ಓಡಾಡುವುದು ಬೇಡ; ನೇರ ಆಸ್ಪತ್ರೆ. ಇನ್ನೊಂದು, ನಾವು ಮಾಡುತ್ತೇವೆ ಅಂದ ಮಾತ್ರಕ್ಕೆ ಸರ್ಕಾರದ ಜವಾಬ್ದಾರಿ ತಪ್ಪಲ್ಲ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲದಿದ್ದರೆ, ಮಾತ್ರೆ ಮುಗಿದಿದ್ದರೆ, ಸಂಘದ ಠರಾವು ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಿ. ಒಬ್ಬ ಹೋಗಿ ಕೇಳಿದರೆ ನಾಳೆ ಬಾ ಅಂತಾರೆ. ಸದಸ್ಯರೆಲ್ಲರ ಪರವಾಗಿ ಸೀಲು ಹಾಕಿದ ಕಾಗದಕ್ಕೆ ಉತ್ತರ ಕೊಡಬೇಕಾಗುತ್ತೆ.

ಬಂಧುಗಳೆ, ಎಲ್ಲವನ್ನೂ ಒಂದೇ ಸಲ ಮಾಡಿ ಅಂತ ನಾವು ಹೇಳಲ್ಲ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಿ. ಬೇಕು ಅನ್ನುವವರೂ ಮಾತಾಡಲಿ, ಬೇಡ ಅನ್ನುವವರೂ ಮಾತಾಡಲಿ. ತಾಯಂದಿರು ಹಿಂದೆ ಕೂರದೆ ಮುಂದೆ ಬಂದು ಮಾತಾಡಲಿ, ಯಾಕಂದ್ರೆ ಮನೆಯಲ್ಲಿ ರೋಗಿಯ ಆರೈಕೆ ಮಾಡುವವರು ಅವರು. ಐದರಲ್ಲಿ ಒಂದನ್ನು ಆರಿಸಿ ಒಂದು ವರ್ಷ ನಡೆಸಿ ನೋಡಿ. ವರ್ಷದ ಕೊನೆಗೆ ಜಮಾ ಖರ್ಚಿನ ಹಾಗೆ ಇದರ ಲೆಕ್ಕವನ್ನೂ ಸಭೆಗೆ ಒಪ್ಪಿಸಿ: ಎಷ್ಟು ಜನ ತಪಾಸಣೆಗೆ ಬಂದರು, ಎಷ್ಟು ಜನ ಮಾತ್ರೆ ಬಿಡದೆ ನುಂಗಿದರು, ಎಷ್ಟು ಒಂಟಿ ಮನೆಗಳ ಬಾಗಿಲು ತಟ್ಟಿದಿರಿ.

ಸಂಘ ಇಪ್ಪತ್ತೈದರಿಂದ ಐವತ್ತಕ್ಕೆ ಬೆಳೆಯಲಿ. ಆ ಸುವರ್ಣ ಮಹೋತ್ಸವದ ಪೆಂಡಾಲಿನಲ್ಲಿ ಇವತ್ತು ಇಲ್ಲಿ ಕೂತವರು ಆದಷ್ಟು ಜನ ತಮ್ಮ ಕಾಲ ಮೇಲೆ ತಾವೇ ನಡೆದು ಬಂದು ಕೂರುವಂತಾಗಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.